ಸಿಪ್ಪೆ ಬಿಡದ ಮೊಟ್ಟೆ: ತಪ್ಪು ಕೈಯದೋ, ನೀರಿನದೋ?

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರು, ಮನೆಗೆ ನೆಂಟರು ಬಂದ ದಿನ ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಒಲೆಯ ಮೇಲೆ ಮಸಾಲೆ ಕುದಿಯುತ್ತಿರುತ್ತದೆ. ಒಂದು ಡಜನ್ ಮೊಟ್ಟೆ ಬೆಂದು ಸಿದ್ಧವಾಗಿರುತ್ತದೆ. ಮೊದಲನೆಯದರ ಸಿಪ್ಪೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಎರಡನೆಯದರ ಸಿಪ್ಪೆಯಾದರೋ ಚೂರುಚೂರಾಗಿ ಒಡೆದು, ಒಂದೊಂದು ಚೂರೂ ತನ್ನೊಡನೆ ಬಿಳಿಯ ಭಾಗದ ತುಣುಕೊಂದನ್ನು ಕಿತ್ತುಕೊಂಡೇ ಹೊರಡುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಇಲಿ ಕಡಿದ ಕೊಬ್ಬರಿಯಂಥ ಒಂದು ಉಂಡೆ. “ಕೈಯಲ್ಲಿ ನಾಜೂಕಿಲ್ಲ” ಎಂಬ ಮಾತು ಆಗ ಎಲ್ಲಿಂದಲಾದರೂ ಕೇಳಿಬರದೆ ಇರದು.

ಈ ಆರೋಪ ಬಹುಮಟ್ಟಿಗೆ ಅನ್ಯಾಯವಾದುದು. ಸಿಪ್ಪೆ ಬಿಡುವುದೋ ಬಿಡದೋ ಎಂಬುದು, ಬೆರಳು ಅದನ್ನು ಮುಟ್ಟುವುದಕ್ಕೆ ಮೊದಲೇ, ಮೊಟ್ಟೆ ನೀರಿಗೆ ಇಳಿದ ಗಳಿಗೆಯಲ್ಲಿಯೇ ಬಹುಪಾಲು ನಿಶ್ಚಯವಾಗಿಬಿಟ್ಟಿರುತ್ತದೆ. ಉಳಿದ ಪಾಲನ್ನು ಕೋಳಿ ಅದನ್ನಿಟ್ಟು ಎಷ್ಟು ದಿನವಾಯಿತೆಂಬ ಸಂಗತಿ ನಿರ್ಣಯಿಸುತ್ತದೆ.

ಮೊಟ್ಟೆಯ ಹೊರಗಿನ ಗಟ್ಟಿಯಾದ ಚಿಪ್ಪು ಬಹುತೇಕ ಸುಣ್ಣದ ಅಂಶದಿಂದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು. ಅದರ ಒಳಮೈಗೆ ಎರಡು ತೆಳುವಾದ ಪೊರೆಗಳಿವೆ. ಮೊಟ್ಟೆಯ ದಪ್ಪ ತುದಿಯಲ್ಲಿ ಮಾತ್ರ ಇವೆರಡೂ ಅಗಲಿ, ನಡುವೆ ಸಣ್ಣದೊಂದು ಗಾಳಿಗೂಡು ಏರ್ಪಟ್ಟಿರುತ್ತದೆ. ನಮ್ಮನ್ನು ಗೋಳಾಡಿಸುವುದು ಚಿಪ್ಪಲ್ಲ, ಒಳಗಿನ ಪೊರೆ. ಬೇಯುವಾಗ ಬಿಳಿಯ ಭಾಗ ಆ ಪೊರೆಗೆ ಅಂಟಿಕೊಂಡುಬಿಟ್ಟರೆ, ಎಂಥ ನಾಜೂಕಿನ ಬೆರಳಿಗೂ ಅದನ್ನು ಸುಲಭವಾಗಿ ಬಿಡಿಸಲಾಗದು.

ಇಲ್ಲಿ ಒಂದು ವಿಚಿತ್ರವುಂಟು. ಉಳಿದ ಪದಾರ್ಥಗಳೆಲ್ಲ ತಾಜಾ ಇದ್ದಷ್ಟೂ ಮೇಲು; ಮೊಟ್ಟೆ ಮಾತ್ರ ತಾಜಾ ಇದ್ದಷ್ಟೂ ಸುಲಿಯುವುದಕ್ಕೆ ಕಷ್ಟ. ಆಗತಾನೆ ಇಟ್ಟ ಮೊಟ್ಟೆಯ ಬಿಳಿಯ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಕರಗಿರುತ್ತದೆ. ಹೊಸ ಮೊಟ್ಟೆಯನ್ನು ಒಡೆದಾಗ ಲೋಳೆ ಕೊಂಚ ಮಸುಕಾಗಿ ಕಾಣುವುದು ಇದರಿಂದಲೇ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಈ ಅನಿಲ ದಿನೇ ದಿನೇ ಹೊರಗೆ ಹೋಗುತ್ತದೆ. ಲೋಳೆ ಹೆಚ್ಚುಹೆಚ್ಚು ಕ್ಷಾರವಾಗುತ್ತ ಬರುತ್ತದೆ. ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ ಮೊದಲು ಸುಮಾರು 7.6 ಇದ್ದದ್ದು ಕೆಲವು ದಿನಗಳಲ್ಲಿ 9ರ ಆಸುಪಾಸಿಗೆ ಏರುತ್ತದೆ. ಹೀಗೆ ಕ್ಷಾರವಾದ ಬಿಳಿಯ ಭಾಗ ಬೆಂದಾಗ ಪೊರೆಯನ್ನು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ. ಬಹುದಿನ ಕೆಡದಿರಲೆಂದು ಎಣ್ಣೆ ಸವರಿಟ್ಟ ಮೊಟ್ಟೆಗಳ ಸಿಪ್ಪೆ ಹಟ ಮಾಡುವುದಕ್ಕೂ ಇದೇ ಕಾರಣ: ಎಣ್ಣೆ ರಂಧ್ರಗಳನ್ನು ಮುಚ್ಚಿ ಅನಿಲವನ್ನು ಒಳಗೇ ಉಳಿಸುತ್ತದೆ.

ಆದುದರಿಂದ ಊರಿನಿಂದ ಅತ್ತೆಯವರು ಅಕ್ಕರೆಯಿಂದ ಕಳುಹಿಸಿದ ನಾಟಿಕೋಳಿಯ ಮೊಟ್ಟೆಗಳನ್ನು ಅಂದೇ ಬೇಯಿಸಹೋಗುವುದು ಬೇಡ. ಅವನ್ನು ಆಮ್ಲೆಟ್ಟಿಗೆ ಬಳಸಿ, ಸಾರಿಗೆ ವಾರದ ಹಿಂದಿನವನ್ನು ಆರಿಸಿಕೊಳ್ಳಬಹುದು. ವಯಸ್ಸು ತಿಳಿಯದಿದ್ದರೆ ತಣ್ಣೀರಿನ ಪಾತ್ರೆಯಲ್ಲಿ ಬಿಟ್ಟು ನೋಡುವುದು. ಹೊಸದು ತಳದಲ್ಲಿ ಅಡ್ಡಲಾಗಿ ಮಲಗುತ್ತದೆ. ಕೆಲವು ದಿನದ್ದು ದಪ್ಪ ತುದಿಯನ್ನು ಮೇಲಕ್ಕೆ ಎತ್ತುತ್ತದೆ. ತೇಲಿದ್ದನ್ನು ಅಡುಗೆಗೆ ಬಳಸದಿರುವುದೇ ಕ್ಷೇಮ.

ಮೊಟ್ಟೆಯ ವಯಸ್ಸು ನಮ್ಮ ಕೈಯಲ್ಲಿಲ್ಲದಿದ್ದರೂ ನೀರಿನ ಬಿಸಿ ನಮ್ಮ ಕೈಯಲ್ಲಿದೆ. ಮೊಟ್ಟೆಗಳನ್ನು ತಣ್ಣೀರಿನಲ್ಲಿ ಹಾಕಿ ಒಲೆಯ ಮೇಲಿಡುವುದು ಅನೇಕ ಮನೆಗಳ ವಾಡಿಕೆ. ಆದರೆ ಹೀಗೆ ನಿಧಾನವಾಗಿ ಬಿಸಿಯೇರಿದಾಗ ಬಿಳಿಯ ಭಾಗಕ್ಕೆ ಪೊರೆಯೊಡನೆ ಬೆಸೆದುಕೊಳ್ಳಲು ಯಥೇಚ್ಛ ಅವಕಾಶ ದೊರೆಯುತ್ತದೆ. ಕುದಿಯುವ ನೀರಿಗೇ ಇಳಿಸಿದರೆ ಅದರ ಹೊರಪದರ ಥಟ್ಟನೆ ಗಟ್ಟಿಯಾಗಿ ತನ್ನಷ್ಟಕ್ಕೆ ತಾನು ಕುಗ್ಗಿಕೊಳ್ಳುತ್ತದೆ. ಅಮೆರಿಕದ ಪಾಕಲೇಖಕ ಜೆ. ಕೆಂಜಿ ಲೋಪೆಜ್-ಆಲ್ಟ್ ಎಂಬುವರು 700ಕ್ಕೂ ಹೆಚ್ಚು ಮೊಟ್ಟೆಗಳನ್ನು ಬೇಯಿಸಿ, ಯಾವುದನ್ನು ಹೇಗೆ ಬೇಯಿಸಿದ್ದೆಂದು ಹೇಳದೆ ಹಲವರ ಕೈಯಲ್ಲಿ ಸುಲಿಸಿ, ಅದರ ಫಲವನ್ನು 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಸಿಯಲ್ಲಿ ಆರಂಭಿಸಿದ ಮೊಟ್ಟೆಗಳೇ, ಕುದಿಯುವ ನೀರಿನಲ್ಲಾಗಲಿ ಹಬೆಯಲ್ಲಾಗಲಿ, ಸುಲಭವಾಗಿ ಸುಲಿಯುತ್ತವೆಂಬುದು ಅವರ ಮುಖ್ಯ ನಿರ್ಣಯ.

ಹಬೆಯೆಂದೊಡನೆ ನಮ್ಮವರಿಗೆ ನೆನಪಾಗುವುದು ಇಡ್ಲಿ ಪಾತ್ರೆ. ಮೊಟ್ಟೆಗೆಂದು ಬೇರೆ ಪಾತ್ರೆ ಇಡುವ ಮನೆಗಳಲ್ಲಿ ಹಳೆಯದೊಂದನ್ನು ಇದಕ್ಕೆಂದೇ ಎತ್ತಿಡಬಹುದು. ತಳದಲ್ಲಿ ಎರಡು ಬೆರಳು ನೀರು ಸಾಕು. ಅದು ಚೆನ್ನಾಗಿ ಕುದಿದು ಹಬೆ ತುಂಬಿದ ಮೇಲೆಯೇ ಮೊಟ್ಟೆಗಳನ್ನು ಇಟ್ಟು ಮುಚ್ಚಿ, ಹನ್ನೆರಡು ಹದಿಮೂರು ನಿಮಿಷ ಬಿಡುವುದು. ನೀರಿನಲ್ಲಿಯೇ ಬೇಯಿಸುವವರು ಸೌಟಿನಿಂದ ಒಂದೊಂದಾಗಿ ಮೆಲ್ಲಗೆ ಇಳಿಸಿ, ಉರಿ ತಗ್ಗಿಸಿ, ಹನ್ನೊಂದು ಹನ್ನೆರಡು ನಿಮಿಷ ಕಾಯಬೇಕು. ಈ ಲೆಕ್ಕ ಮಂಗಳೂರಿಗೆ ಸರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಹೆಚ್ಚುಕಡಿಮೆ 97 ಡಿಗ್ರಿಗೇ ಕುದಿಯುವುದರಿಂದ ಇಲ್ಲಿಯವರು ಒಂದು ನಿಮಿಷ ಕೂಡಿಸಿಕೊಳ್ಳುವುದು ಒಳ್ಳೆಯದು. ಮಡಿಕೇರಿಯವರು ಇನ್ನೂ ಸ್ವಲ್ಪ.

ಮನೆಯಲ್ಲಿ ನಾಲ್ಕು ಮೊಟ್ಟೆ ಹರಿದರೆ ಹೆಚ್ಚೆಂದರೆ ಮುಖ ಕೆಂಪಾದೀತು. ಆದರೆ ದಿನಕ್ಕೆ ನೂರಾರು ಮೊಟ್ಟೆ ಸುಲಿಯಬೇಕಾದ ಕೈಗಳೂ ನಮ್ಮ ನಾಡಿನಲ್ಲಿವೆ. ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಏರ್ಪಾಡು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಆರಂಭವಾಯಿತು. ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಉತ್ತರ ಕರ್ನಾಟಕದವರು ‘ತತ್ತಿ’ ಎನ್ನುವ ಈ ಪುಟ್ಟ ವಸ್ತುವಿನ ಆರೇಳು ಗ್ರಾಂ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಿಳಿಯ ಭಾಗದಲ್ಲಿಯೇ. ಸಿಪ್ಪೆಯೊಡನೆ ಕಿತ್ತುಹೋಗಿ ಕಸದ ಬುಟ್ಟಿ ಸೇರುವುದೂ ಅದೇ. ಮೇಲಾಗಿ, ಪಕ್ಕದವನ ತಟ್ಟೆಯಲ್ಲಿ ಇಡೀ ಮೊಟ್ಟೆಯಿದ್ದು ತನ್ನ ತಟ್ಟೆಗೆ ಹರಕು ಬಿದ್ದರೆ ಏಳು ವರ್ಷದ ಮಗುವಿಗೆ ಅದೇನು ಸಣ್ಣ ದುಃಖವೇ?

ಊಟದ ಗಂಟೆ ಬಾರಿಸುವುದರೊಳಗೆ ಅಷ್ಟನ್ನೂ ಸುಲಿದು ಮುಗಿಸಬೇಕಾದ ಅಡುಗೆಯ ಹೆಂಗಸರಿಗೆ “ಕುದಿಯುವ ನೀರಿಗೆ ಹಾಕಿ” ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ದೊಡ್ಡ ಹಂಡೆಯ ನೀರಿಗೆ ಇನ್ನೂರು ತಣ್ಣನೆಯ ಮೊಟ್ಟೆಗಳನ್ನು ಒಮ್ಮೆಗೇ ಸುರಿದರೆ ಕುದಿ ನಿಂತುಹೋಗಿ, ಅದು ತಣ್ಣೀರಿನಲ್ಲಿ ಆರಂಭಿಸಿದಂತೆಯೇ ಆಗುತ್ತದೆ. ಕೆಲವು ಕೆಲವನ್ನಾಗಿ ಬೇಯಿಸುವುದು ಅಥವಾ ಹಬೆಯ ಆಸರೆ ಹಿಡಿಯುವುದು ಉತ್ತಮ. ಎರಡಕ್ಕೂ ಹೊತ್ತು ಬೇಕು, ಉರುವಲು ಬೇಕು, ಪಾತ್ರೆ ಬೇಕು. ಮೊಟ್ಟೆಯ ಬೆಲೆಯನ್ನು ಲೆಕ್ಕ ಹಾಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಇನ್ನು ನೀರಿಗೆ ಬೆರೆಸುವ ಮದ್ದುಗಳ ಮಾತು. ಉಪ್ಪು ಹಾಕಿದರೆ, ಒಡಕಿನಿಂದ ಜಿನುಗುವ ಲೋಳೆ ಅಲ್ಲಿಯೇ ಬೇಗ ಹೆಪ್ಪುಗಟ್ಟುತ್ತದೆ. ಸಿಪ್ಪೆಯ ವಿಷಯದಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ವಿನೆಗರಿನಲ್ಲಿ ಚಿಪ್ಪಿನ ಹೊರಮೈ ಕೊಂಚ ಕರಗಿ ಗುಳ್ಳೆಗಳೇಳುವುದು ನೋಡುವುದಕ್ಕೆ ಚೆನ್ನ, ಅಷ್ಟೆ. ಅಡುಗೆ ಸೋಡಾ ಹಾಕುವವರ ತರ್ಕ ಮಾತ್ರ ಸರಿಯಾದ ದಿಕ್ಕಿನಲ್ಲಿದೆ, ಏಕೆಂದರೆ ಕ್ಷಾರವೇ ಇಲ್ಲಿ ಮಿತ್ರ. ಆದರೆ ಹನ್ನೆರಡು ನಿಮಿಷದಲ್ಲಿ ಹೊರಗಿನ ನೀರು ಒಳಗಿನ ಲೋಳೆಯನ್ನು ಎಷ್ಟೆಂದು ಮಾರ್ಪಡಿಸೀತು? ಸೋಡಾ ಡಬ್ಬಿಯನ್ನು ಬಜ್ಜಿಯ ಹಿಟ್ಟಿಗೇ ಮೀಸಲಿಡಬಹುದು.

ಬೆಂದ ಕೂಡಲೇ ತಣ್ಣೀರಿಗೆ ಹಾಕುವ ಪದ್ಧತಿಯನ್ನು ಬಿಡಬೇಕಾಗಿಲ್ಲ. ಅದರ ಖಚಿತವಾದ ಉಪಕಾರ, ಒಳಗಿನ ಬೇಯುವಿಕೆ ಅಲ್ಲಿಗೆ ನಿಲ್ಲುವುದು. ಅತಿಯಾಗಿ ಬೆಂದಾಗ ಬಿಳಿಯ ಭಾಗದ ಗಂಧಕವೂ ಹಳದಿಯ ಕಬ್ಬಿಣದ ಅಂಶವೂ ಕೂಡಿ, ಹಳದಿಯ ಸುತ್ತ ಹಸಿರುಗಪ್ಪು ಉಂಗುರ ಮೂಡುತ್ತದೆ. ಆರೋಗ್ಯಕ್ಕೆ ಕೇಡಿಲ್ಲ, ಕಣ್ಣಿಗೆ ಹಿತವಿಲ್ಲ.

ಸುಲಿಯುವ ಕ್ರಮ ಇಷ್ಟೇ. ಮೊಟ್ಟೆಯನ್ನು ಕಲ್ಲಿನ ಮೇಲೆ ಸುತ್ತಲೂ ಮೆಲ್ಲಗೆ ತಟ್ಟಿ, ಅಂಗೈಯಡಿ ಹಗುರವಾಗಿ ಹೊರಳಿಸಿ, ಗಾಳಿಗೂಡಿರುವ ದಪ್ಪ ತುದಿಯಿಂದ ಮೊದಲುಮಾಡಬೇಕು. ಉಗುರಿಗೆ ಸಿಪ್ಪೆಯಷ್ಟೇ ಸಿಕ್ಕರೆ ಸಾಲದು. ಪೊರೆಯ ಅಂಚೇ ಸಿಕ್ಕಬೇಕು. ಬಟ್ಟಲಿನ ನೀರಿನೊಳಗೆ ಸುಲಿದರೆ ನೀರು ಪೊರೆಯ ಕೆಳಗೆ ನುಸುಳಿ ತಾನೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಮಿಕ್ಕವನ್ನು ಸಿಪ್ಪೆಸಹಿತ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಬೆಂದ ಮೊಟ್ಟೆ ಹಸಿಯದರಷ್ಟು ದಿನ ಬಾಳುವುದಿಲ್ಲ. ಹಸಿಯವುಗಳೊಡನೆ ಬೆರೆಯದಂತೆ ಪೆನ್ಸಿಲಿನಿಂದ ಗುರುತು ಹಾಕಿಡುವುದು ಒಳ್ಳೆಯದು. ಗುರುತು ಹಾಕಲು ಮರೆತಿದ್ದರೆ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಬಹುದು: ಬೆಂದದ್ದು ಸರಾಗವಾಗಿ ಸುತ್ತುತ್ತದೆ, ಹಸಿಯದು ಓಲಾಡಿ ನಿಲ್ಲುತ್ತದೆ. ಈ ಪರೀಕ್ಷೆಯನ್ನು ಮಕ್ಕಳ ಕೈಗೆ ಒಪ್ಪಿಸದಿದ್ದರೆ ಮೇಜು ಒರೆಸುವ ಕೆಲಸ ತಪ್ಪುತ್ತದೆ.