ನಡುಗುವ ಕೈಗೊಂದು ಮೌಸ್

ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಒಂದು ಸಂಜೆ ನಮ್ಮ ಮದುವೆಯ ಫೋಟೋಗಳಿದ್ದ ಫೋಲ್ಡರ್ ತೆರೆಯಲು ಹೋದೆ. ಕೈ ನಡುಗಿತು, ಫೋಲ್ಡರ್ ಮಾಯ! ಎರಡು ದಿನ ಹುಡುಕಿದ ಮೇಲೆ ಅದು ಕರೆಂಟ್ ಬಿಲ್ಲುಗಳ ಫೋಲ್ಡರಿನೊಳಗೆ ಸಿಕ್ಕಿತು. "ಇನ್ನು ನೀವು ಮೌಸ್ ಮುಟ್ಟಬೇಡಿ, ಬೇಕಾದ್ದು ಹೇಳಿ, ಮಕ್ಕಳು ಮಾಡಿಕೊಡ್ತಾರೆ" ಎಂದಳು ನನ್ನಾಕೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಣ್ಣ ಸಣ್ಣ ರಿಲೇಗಳನ್ನು ರಿಪೇರಿ ಮಾಡಿದ ಕೈ ಇದು. ಮಾತು ಚುಚ್ಚಿತು.

ಸೆಟ್ಟಿಂಗಿನಲ್ಲಿ ಬಾಣದ ವೇಗ ತಗ್ಗಿಸಿ ನೋಡಿದೆ. ನಡುಕವೇನೋ ಚಿಕ್ಕದಾಯಿತು, ಆದರೆ ಪರದೆಯ ಆಚೆ ಬದಿ ಮುಟ್ಟಲು ಮೌಸನ್ನು ಮೇಜಿನ ತುದಿಯವರೆಗೆ ಎಳೆಯಬೇಕಾಯಿತು. ಆಗ ಒಂಬತ್ತನೇ ತರಗತಿಯ ಮೊಮ್ಮಗಳು ಕೇಳಿದಳು: "ತಾತ, ಕೈ ನಡುಗಿದ್ದನ್ನೆಲ್ಲ ಮೌಸ್ ಹೇಳಿದರೂ ಕಂಪ್ಯೂಟರ್ ಯಾಕೆ ಕೇಳಬೇಕು?"

ಒಳ್ಳೆಯ ಪ್ರಶ್ನೆ. ಮೌಸ್ ಹೇಳಿದ್ದನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿಯೊಬ್ಬ ನಡುವೆ ಇದ್ದಾನೆ. ಅವನ ಹೆಸರು ಡಿವೈಸ್ ಡ್ರೈವರ್. ಅದೊಂದು ಪುಟ್ಟ ಪ್ರೋಗ್ರಾಂ. "ಡ್ರೈವರ್ ಅಂದರೆ ಬಸ್ ಓಡಿಸುವವನಾ?" ಎಂದು ಅವಳು ನಕ್ಕಳು. ತಮಾಷೆ ಎಂದರೆ, ಮೌಸ್ ಚುಚ್ಚುವ ಯುಎಸ್‌ಬಿಯ ಕೊನೆಯ ಅಕ್ಷರ ಬಸ್ ಎಂದೇ! ಸರಿ, ಆ ದುಭಾಷಿಯನ್ನು ನಾವೇ ತಯಾರಿಸೋಣ ಎಂದು ಕೂತೆವು.

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆವು. 1991ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು ಅದು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರಲ್ಲಿ ಯುಎಸ್‌ಬಿಮೌಸ್ ಎಂಬ ಪುಟ್ಟ ಡ್ರೈವರ್ ಇದೆ, ಮುನ್ನೂರು ಸಾಲಿಗಿಂತ ಕಡಿಮೆ. ಅದನ್ನೇ ಕಾಗದದ ಮೇಲೆ ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಹದಿನೈದು ದಿನ ಓದಿದೆವು. ಸಿ ಭಾಷೆ ಅವಳಿಗೂ ಹೊಸದು, ನನಗೂ ಹೊಸದು.

ಓದಿದಾಗ ತಿಳಿದದ್ದು ಇಷ್ಟು. ಮೌಸ್ ತಾನಾಗಿ ಮಾತಾಡುವುದಿಲ್ಲ. ಕಂಪ್ಯೂಟರೇ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ "ಏನಾದರೂ ಸುದ್ದಿ?" ಎಂದು ಕೇಳುತ್ತದೆ. ಸುದ್ದಿ ಇದ್ದರೆ ಮೌಸ್ ನಾಲ್ಕು ಅಂಕಿ ಕೊಡುತ್ತದೆ. ಮೊದಲನೆಯದು ಗುಂಡಿಗಳದ್ದು: ಎಡಗುಂಡಿ ಒತ್ತಿದ್ದರೆ 1, ಬಲಗುಂಡಿಯಾದರೆ 2, ಎರಡೂ ಒಟ್ಟಿಗೆ ಒತ್ತಿದರೆ 3. ಎರಡನೆಯದು ಎಡ-ಬಲದ ಚಲನೆ, ಮೂರನೆಯದು ಮೇಲೆ-ಕೆಳಗೆ, ನಾಲ್ಕನೆಯದು ನಡುವಿನ ಚಕ್ರ. 1960ರ ದಶಕದಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮಾಡಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಅದರ ಅಡಿಯಲ್ಲಿ ಎರಡು ಚಕ್ರ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಈಗ ಚಕ್ರದ ಬದಲು ಬೆಳಕು ಬಂದಿದೆ, ಲೆಕ್ಕ ಮಾತ್ರ ಅದೇ.

ನಾವು ಬರೆದ ಡ್ರೈವರನ್ನು ಮೊದಲ ಸಲ ಹಾಕಿದಾಗ ಏನೂ ಆಗಲಿಲ್ಲ. ಲಿನಕ್ಸಿನ ಸ್ವಂತ ಡ್ರೈವರ್ ಆಗಲೇ ಮೌಸನ್ನು ಹಿಡಿದು ಕೂತಿತ್ತು. ಅದರ ಕೈ ಬಿಡಿಸಿ ನಮ್ಮದಕ್ಕೆ ಕೊಟ್ಟೆವು. ಮೌಸನ್ನು ಬಲಕ್ಕೆ ಸರಿಸಿದೆ, ಬಾಣ ಬಲಕ್ಕೆ ಹೋಯಿತು. ಎಡಕ್ಕೆ ಸರಿಸಿದೆ, ಬಾಣ ಇನ್ನೂ ಬಲಕ್ಕೆ ಹಾರಿ ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಅಂಚಿನಲ್ಲಿ ನಿಂತಿತು! ಹಳೆಯ ಸ್ಕೂಟರಿನ ಮೀಟರನ್ನು ಸೊನ್ನೆಯಿಂದ ಒಂದು ಹಿಂದಕ್ಕೆ ತಿರುಗಿಸಿದರೆ 99999 ಬರುತ್ತದಲ್ಲ, ಹಾಗೆಯೇ ಮೌಸಿನ 'ಒಂದು ಹೆಜ್ಜೆ ಎಡಕ್ಕೆ' ಎಂಬುದು 255 ಎಂದು ಬರುತ್ತದೆ. ಅದನ್ನು ಮೈನಸ್ 1 ಎಂದು ಓದಬೇಕಿತ್ತು. ನಾವು ಇನ್ನೂರ ಐವತ್ತೈದು ಹೆಜ್ಜೆ ಬಲಕ್ಕೆ ಎಂದು ಓದಿದ್ದೆವು. ಒಂದು ಪದ ತಿದ್ದಿದ್ದಕ್ಕೆ ಸರಿಹೋಯಿತು. ಮರುದಿನದ ಇನ್ನೊಂದು ತಪ್ಪಿಗೆ ಇಡೀ ಕಂಪ್ಯೂಟರೇ ಸ್ತಬ್ಧವಾಗಿ ಸ್ವಿಚ್ ಆರಿಸಬೇಕಾಯಿತು. ಡ್ರೈವರ್ ಇರುವುದು ಯಂತ್ರದ ಹೊಟ್ಟೆಯೊಳಗೆ, ಅಲ್ಲಿ ತಪ್ಪಾದರೆ ಹೀಗೆಯೇ. ಈ ಆಟಕ್ಕೆ ಮನೆಯ ಒಳ್ಳೆಯ ಕಂಪ್ಯೂಟರನ್ನು ಮುಟ್ಟಬೇಡಿ, ಮಕ್ಕಳೇ.

ಆಮೇಲೆ ಬಂದ ಅಂಕಿಗಳನ್ನೆಲ್ಲ ಪರದೆಯ ಮೇಲೆ ಸಾಲಾಗಿ ಬರೆಸಿದೆವು. ನಾನು ಮೌಸಿನ ಮೇಲೆ ಸುಮ್ಮನೆ ಕೈ ಇಟ್ಟೆ. 2, ಮೈನಸ್ 3, 3, ಮೈನಸ್ 2... ನನ್ನ ನಡುಕ ಅಂಕಿಯಾಗಿ ಇಳಿಯುತ್ತಿತ್ತು. ಒಂದು ಸಲ ಗುಂಡಿ ಒತ್ತಿದರೆ 1, 0, 1, 0. ಮೊಮ್ಮಗಳು ನನ್ನ ಮುಖ ನೋಡಿದಳು. ನನಗೆ ಬೇಸರವಾಗಲಿಲ್ಲ, ಬದಲಿಗೆ ರಿಲೇಗಳ ನೆನಪಾಯಿತು. ಲೋಹದ ಎರಡು ಎಲೆಗಳು ಕೂಡುವಾಗ ಒಮ್ಮೆಲೇ ಕೂಡುವುದಿಲ್ಲ, ಪುಟಿದು ಪುಟಿದು ನಿಲ್ಲುತ್ತವೆ. ಆ ಪುಟಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕ್ಷಣ ಕಾಯಬೇಕು. ಇದೂ ಅಂಥದೇ ರಿಪೇರಿ!

ಚಲನೆಯ ಸರಾಸರಿ ತೆಗೆದು ನೋಡಿದೆವು. ಬಾಣ ಕೆಸರಿನಲ್ಲಿ ನಡೆದಂತಾಯಿತು, ಕೈಬಿಟ್ಟೆವು. ಕೊನೆಗೆ ಎರಡೇ ನಿಯಮ ಉಳಿದವು. ಗುಂಡಿ ಒತ್ತಿರುವಾಗ ಹತ್ತು ಹೆಜ್ಜೆಗಿಂತ ಕಡಿಮೆ ಸರಿದರೆ ಸರಿದೇ ಇಲ್ಲ ಎಂದುಕೋ. ಒಂದು ಒತ್ತಿಗೂ ಮುಂದಿನದಕ್ಕೂ ಸೆಕೆಂಡಿನ ಮೂರರಲ್ಲೊಂದು ಭಾಗದಷ್ಟೂ ಅಂತರವಿಲ್ಲದಿದ್ದರೆ ಎರಡನೆಯದನ್ನು ಬಿಟ್ಟುಬಿಡು.

"ತಾತ, ಈಗ ಡಬಲ್ ಕ್ಲಿಕ್ಕೇ ಆಗಲ್ಲ!" ಎಂದಳು ಅವಳು. ನಿಜ, ನನಗೆ ಹೊಳೆದೇ ಇರಲಿಲ್ಲ. ಒಂದೇ ಕ್ಲಿಕ್ಕಿಗೆ ಫೋಲ್ಡರ್ ತೆರೆಯುವಂತೆ ಸೆಟ್ಟಿಂಗ್ ಬದಲಿಸಿಕೊಂಡೆವು. ಆದರೂ ಅವಳ ಕೈಗೆ ಆ ಮೌಸ್ ಸೋಮಾರಿ ಎನಿಸಿತು. ಪ್ರತಿ ಮೌಸಿಗೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎಂದು ಎರಡು ಗುರುತು ಇರುತ್ತವೆ. ನನ್ನ ಮೌಸಿನ ಗುರುತನ್ನು ಡ್ರೈವರಿನಲ್ಲಿ ಬರೆದೆವು, ಅದು ಬೇರೆ ಮೌಸಿನ ತಂಟೆಗೆ ಹೋಗುವುದಿಲ್ಲ.

ಈಗ ಆ ಹಳೆಯ ಕಂಪ್ಯೂಟರಿಗೆ ಎರಡು ಮೌಸ್. ಮದುವೆಯ ಫೋಟೋಗಳನ್ನು ಅದಕ್ಕೇ ಸಾಗಿಸಿ, ಒಂದೊಂದಾಗಿ ತೆರೆದು ಹೆಸರು ಬರೆಯುತ್ತಿದ್ದೇನೆ. ಮೊನ್ನೆ ನನ್ನಾಕೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. "ಆ ಮೂರನೇ ಸಾಲಿನಲ್ಲಿ ನಿಂತಿರೋರು ಯಾರು, ದೊಡ್ಡದು ಮಾಡಿ ನೋಡೋಣ" ಎಂದಳು. ಮಾಡಿ ತೋರಿಸಿದೆ.