ದೊಡ್ಡ ಪದ ಸಲೀಸು, ಪುಟಾಣಿ ಪದ ಕಬ್ಬಿಣದ ಕಡಲೆ!

ಎರಡು ಚೀಟಿ ಬರೆಯಿರಿ. ಮೊದಲನೆಯದರಲ್ಲಿ ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಎಕ್ಸ್‌ಟಿಂಗ್ವಿಶ್’. ಎರಡನೆಯದರಲ್ಲಿ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಪುಟ್ ಔಟ್’. ಎರಡೂ ಚೀಟಿಗಳ ಅರ್ಥ ಒಂದೇ: ಮುಂದೂಡು, ಸಹಿಸಿಕೊ, ಆರಿಸು. ಈಗ ಬೊಗೋಟಾದಲ್ಲೋ ಮ್ಯಾಡ್ರಿಡ್‌ನಲ್ಲೋ ಆಗಷ್ಟೇ ಇಂಗ್ಲಿಷ್ ಕಲಿಯಲು ಕೂತ ಯಾರ ಕೈಗಾದರೂ ಇವನ್ನು ಕೊಡಿ. ಅವರಿಗೆ ಯಾವ ಚೀಟಿ ಸುಲಭ?

ಪುಟಾಣಿ ಪದಗಳದ್ದು ಎಂದೇ ನಾನೂ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ! ನಾವು ನಿಘಂಟು ತೆರೆದು, ಉರು ಹೊಡೆದು ಕಲಿತ ಆ ಘನಗಂಭೀರ ಪದಗಳನ್ನು ಸ್ಪ್ಯಾನಿಷ್ ಮನೆಮಾತಿನವರು ನೋಡಿದೊಡನೆ ಗುರುತು ಹಿಡಿಯುತ್ತಾರೆ. ಏಕೆಂದರೆ ಅವರಲ್ಲಿ ‘ಪೊಸ್ಪೊನೆರ್’ ಇದೆ, ‘ತೊಲೆರಾರ್’ ಇದೆ, ‘ಎಕ್ಸ್‌ತಿಂಗಿರ್’ ಇದೆ. ‘ನೇಷನ್’ ಅಂದರೆ ಅವರ ‘ನಾಸ್ಯೋನ್’, ‘ಯೂನಿವರ್ಸಿಟಿ’ ಅಂದರೆ ‘ಉನಿವೆರ್ಸಿದಾದ್’. ಪದದ ಬಾಲ ಒಂದಿಷ್ಟು ತಿರುಚಿದರೆ ಸಾಕು, ನೂರಾರು ಇಂಗ್ಲಿಷ್ ಪದಗಳು ಪುಕ್ಕಟೆ ಕೈಸೇರುತ್ತವೆ. ಆದರೆ ‘ಪುಟ್ ಅಪ್ ವಿತ್’? ಇಡು, ಮೇಲೆ, ಜೊತೆ! ಈ ಮೂರು ಸೇರಿ ‘ಸಹಿಸಿಕೊ’ ಹೇಗಾಯಿತು? ಅಲ್ಲಿ ಎಂಥ ಜಾಣರೂ ಕೈಚೆಲ್ಲಿ ಕೂರುತ್ತಾರೆ.

ಈ ತಲೆಕೆಳಗಾದ ಲೋಕದ ಬೀಗದಕೈ ಒಂದು ಇಸವಿಯಲ್ಲಿದೆ: 1066. ಆ ವರ್ಷ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕದನ ಗೆದ್ದು ಇಂಗ್ಲೆಂಡಿನ ಸಿಂಹಾಸನ ಏರಿದ. ಅರಮನೆಗೂ ನ್ಯಾಯಸ್ಥಾನಕ್ಕೂ ಫ್ರೆಂಚ್ ಬಂತು. ಹೊಲ, ಒಲೆ, ಹಟ್ಟಿಗಳಲ್ಲಿ ಹಳೆಯ ಇಂಗ್ಲಿಷೇ ಉಳಿಯಿತು. ಮುಂದಿನ ಶತಮಾನಗಳಲ್ಲಿ ಫ್ರೆಂಚ್ ಪದಗಳೂ ವಿದ್ವಾಂಸರ ಲ್ಯಾಟಿನ್ ಪದಗಳೂ ಸಾವಿರಗಟ್ಟಲೆ ಇಂಗ್ಲಿಷಿಗೆ ಹರಿದು ಬಂದವು. ಸ್ಪ್ಯಾನಿಷ್ ಹುಟ್ಟಿದ್ದೂ ಲ್ಯಾಟಿನ್ ಒಡಲಲ್ಲೇ! ಹಾಗಾಗಿ ಸ್ಪ್ಯಾನಿಷ್ ಮಾತಿನವರು ಇಂಗ್ಲಿಷಿನ ಅರಮನೆಯೊಳಗೆ ನೆಂಟರಂತೆ ನಡೆದುಹೋಗುತ್ತಾರೆ, ಅಡುಗೆಮನೆಯ ಹೊಸ್ತಿಲಲ್ಲಿ ಎಡವುತ್ತಾರೆ.

ನಮಗಿದು ಹೊಸದೇ? ಕನ್ನಡ ಕಲಿಯುವ ಬಂಗಾಳಿಗಳನ್ನು ನೋಡಿ. ‘ಜಲ’, ‘ಸೂರ್ಯ’, ‘ಸ್ವಾತಂತ್ರ್ಯ’ ಅವರಿಗೆ ಹಳೆಯ ಪರಿಚಯ. ಅದೇ ‘ಕೈಕೊಟ್ಟ’, ‘ಕೈಬಿಟ್ಟ’, ‘ಕೈಹಾಕಿದ’, ‘ಕೈಗೂಡಿತು’? ಕೈ ಒಂದೇ, ಅರ್ಥ ನಾಲ್ಕು ದಿಕ್ಕಿಗೆ! ಒಂದು ಭಾಷೆಯ ಜೀವ ಅಡಗಿರುವುದು ಇಂಥ ಪುಟ್ಟ ಮಾತುಗಳಲ್ಲೇ.

ನೆಂಟರ ನಡುವೆ ವೇಷಧಾರಿಗಳೂ ಇರುತ್ತಾರೆ. ಸ್ಪ್ಯಾನಿಷಿನ ‘ಎಂಬರಸಾದಾ’ ಇಂಗ್ಲಿಷಿನ ‘ಎಂಬರಾಸ್ಡ್’ನಂತೆ ಕಂಡರೂ ಅದರರ್ಥ ನಾಚಿಕೊಂಡವಳು ಅಲ್ಲ, ಬಸುರಿ! ‘ಎಕ್ಸಿತೊ’ ಎಂದರೆ ಹೊರಬಾಗಿಲಲ್ಲ, ಯಶಸ್ಸು. ‘ಹೊರಬರುವುದು’ ಎಂಬರ್ಥದ ಒಂದೇ ಲ್ಯಾಟಿನ್ ಪದ ಇಂಗ್ಲಿಷಿನಲ್ಲಿ ಬಾಗಿಲಾಗಿ ನಿಂತಿತು. ಸ್ಪ್ಯಾನಿಷಿನಲ್ಲಿ ಕೆಲಸದಿಂದ ಹೊರಬಂದ ಫಲವಾಗಿ, ಕೊನೆಗೆ ಗೆಲುವೇ ಆಯಿತು. ಒಂದೇ ಬೀಜ, ಎರಡು ಮರ!

ವ್ಯಾಕರಣಕ್ಕೆ ಕಾಲಿಟ್ಟರೆ ಬೆರಗು ಇನ್ನೂ ಹೆಚ್ಚುತ್ತದೆ, ಅಲ್ಲೂ ಕಾಡುವವು ಪುಟಾಣಿಗಳೇ. ಮಳೆ ಬಂದರೆ ಸ್ಪ್ಯಾನಿಷಿನಲ್ಲಿ ‘ಯುವೆವೆ’ ಅಂದರೆ ಮುಗಿಯಿತು, ಒಂದೇ ಕ್ರಿಯಾಪದ. ಇಂಗ್ಲಿಷ್ ಮಾತ್ರ ‘ಇಟ್’ ಬೇಕೇ ಬೇಕು ಎಂದು ಹಟ ಹಿಡಿಯುತ್ತದೆ. ಮಳೆ ಸುರಿಸುವ ಆ ‘ಇಟ್’ ಯಾರು? ಯಾರೂ ಅಲ್ಲ! ಕರ್ತೃಪದದ ಕುರ್ಚಿ ಖಾಲಿ ಬಿಡಬಾರದೆಂದು ಕೂರಿಸಿದ ಪದ ಅದು. ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಆಬ್ಲಾಸ್’ ಅಂದರೆ ಮಾತಾಡುತ್ತೀಯ. ನಮ್ಮಂತೆಯೇ ಕ್ರಿಯಾಪದದ ಕೊನೆಯಲ್ಲೇ ಆಳು ಕಾಣುತ್ತಾನೆ. ಇಂಗ್ಲಿಷಿನ ಕ್ರಿಯಾಪದಗಳು ಆ ಪ್ರತ್ಯಯಗಳನ್ನು ಬಹುಪಾಲು ಉದುರಿಸಿಕೊಂಡಿವೆ. ಅದಕ್ಕೇ ಸರ್ವನಾಮ ಬಿಡುವಂತಿಲ್ಲ.

ಸ್ಪ್ಯಾನಿಷಿನ ‘ಎನ್’ ಎಂಬ ಎರಡಕ್ಷರದ ಪದವನ್ನೇ ನೋಡಿ. ಜೇಬಲ್ಲಿ, ಬಸ್ಸಲ್ಲಿ, ಬಾಗಿಲಲ್ಲಿ: ಕನ್ನಡಕ್ಕೆ ಒಂದೇ ‘ಅಲ್ಲಿ’ ಸಾಕು, ಸ್ಪ್ಯಾನಿಷಿಗೆ ಒಂದೇ ‘ಎನ್’ ಸಾಕು. ಇಂಗ್ಲಿಷಿಗೋ ‘ಇನ್’, ‘ಆನ್’, ‘ಆಟ್’ ಮೂರು ಬೇಕು! ಅವರ ‘ಅಸೆರ್’ ನಮ್ಮ ‘ಮಾಡು’ವಿನ ತದ್ರೂಪ; ಅಡುಗೆಗೂ ಅದೇ, ಅಭ್ಯಾಸಕ್ಕೂ ಅದೇ. ಇಂಗ್ಲಿಷ್ ಅದನ್ನು ‘ಡು’, ‘ಮೇಕ್’ ಎಂದು ಸೀಳಿದೆ. ಉಚ್ಚಾರಣೆಯಲ್ಲೂ ನಾವು ಜೊತೆಗಾರರು. ಸಕಾರದ ಹಿಂದೆ ಇನ್ನೊಂದು ವ್ಯಂಜನ ಅಂಟಿಕೊಂಡು ಪದ ಶುರುವಾಗುವುದು ಸ್ಪ್ಯಾನಿಷಿಗೆ ಒಗ್ಗದು. ಲ್ಯಾಟಿನ್ನಿನ ‘ಸ್ಕೋಲಾ’ ಅಲ್ಲಿ ‘ಎಸ್ಕುವೆಲಾ’ ಆಗಿದೆ. ಆದ್ದರಿಂದಲೇ ಅವರ ನಾಲಿಗೆಯಲ್ಲಿ ಸ್ಕೂಲ್ ‘ಎಸ್ಕೂಲ್’ ಆಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳುವ ‘ಇಸ್ಕೂಲು’ ನೆನಪಾಯಿತೇ? ಎಲ್ಲಿಯ ಮೆಕ್ಸಿಕೊ, ಎಲ್ಲಿಯ ಮಂಡ್ಯ!

ಇನ್ನು ನನ್ನನ್ನು ಎದ್ದು ಕೂರಿಸಿದ ಮಾತು: ‘ಮೆ ಗುಸ್ತಾ ಎಲ್ ಕಫೆ’. ಪದಕ್ಕೆ ಪದ ಇಟ್ಟರೆ, ನನಗೆ ಕಾಫಿ ಇಷ್ಟ. ನಾನು ಕಾಫಿಯನ್ನು ಇಷ್ಟಪಡುವುದಲ್ಲ. ಕಾಫಿಯೇ ನನ್ನ ಮನಸ್ಸಿಗೆ ಹಿಡಿಸುವುದು. ಇಂಗ್ಲಿಷ್ ಕಲಿಯುವಾಗ ಈ ವಾಕ್ಯವನ್ನೇ ಮಗುಚಿ ‘ಐ ಲೈಕ್’ ಎಂದು ‘ನಾನು’ವನ್ನು ಮುಂದೆ ತರಬೇಕು. ಇಂಗ್ಲಿಷ್ ಎಷ್ಟು ಪರಕೀಯ ಅನಿಸುತ್ತದಲ್ಲವೇ? ತಡೆಯಿರಿ! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದೇ ‘ಲೈಕ್’ನ ಪೂರ್ವಜ ‘ಲೀಕಿಯನ್’ ಎಂದರೆ ‘ಹಿಡಿಸು’. ಯಾರಿಗೆ ಹಿಡಿಸಿತೋ ಅವರ ಹೆಸರು ಚತುರ್ಥಿಯಲ್ಲಿ ಬರುತ್ತಿತ್ತು. ನನಗೆ, ನಿನಗೆ, ಅವನಿಗೆ! ಷೇಕ್ಸ್‌ಪಿಯರ್ ಕಾಲದ ‘ಮಿಥಿಂಕ್ಸ್’ ಕೂಡ ‘ನನಗೆ ಅನಿಸುತ್ತದೆ’ ಎಂಬ ಅಚ್ಚು. ನಾವು ದಿನಕ್ಕೆ ಹತ್ತು ಸಲ ಅನ್ನುವ ‘ಪ್ಲೀಸ್’ ಇದೆಯಲ್ಲ, ಅದು ‘ನಿಮಗೆ ಇಷ್ಟವಾದರೆ’ ಎಂಬ ಇಡೀ ವಾಕ್ಯದಲ್ಲಿ ಉಳಿದ ಒಂದು ಚೂರು. ಅಪರಿಚಿತೆ ಅಂದುಕೊಂಡ ಭಾಷೆಯ ಹಳೆಯ ಪೆಟ್ಟಿಗೆ ತೆರೆದರೆ ಒಳಗೆ ನಮ್ಮದೇ ಮಾತಿನ ಮಡಿಕೆ!

ಆ ಪೆಟ್ಟಿಗೆಯನ್ನು ಕಣ್ಣು ಹೋದ ಮೇಲೆ ತೆರೆದವರು ಅರ್ಜೆಂಟೀನಾದ ಮಹಾಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್. ಅವರ ತಂದೆಯ ತಾಯಿ ಇಂಗ್ಲಿಷ್ ಹೆಂಗಸು. ಬಾಲ್ಯದಿಂದಲೇ ಮನೆಯಲ್ಲಿ ಎರಡೂ ಭಾಷೆಗಳ ಉಸಿರು. ಇಂಗ್ಲಿಷಿನಲ್ಲಿ ಲ್ಯಾಟಿನ್ ಪದವೂ ಇದೆ, ಅದರ ಪಕ್ಕದಲ್ಲೇ ನೆಲಮೂಲದ ಗಿಡ್ಡ ಪದವೂ ಇದೆ ಎಂದು ಅವರು ಮನಸೋತಿದ್ದರು. ಕಲಿಯುವವರನ್ನು ಸುಸ್ತು ಮಾಡುವ ಆ ‘ಆಫ್’, ‘ಅಪ್’, ‘ಔಟ್’ಗಳನ್ನೇ ಅವರು ಇಂಗ್ಲಿಷಿನ ಸಂಪತ್ತು ಎಂದು ಹೊಗಳಿದರು. 1955ರಲ್ಲಿ ಬ್ಯೂನಸ್ ಐರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದಾಗ ಸುತ್ತ ಪುಸ್ತಕಗಳ ರಾಶಿ, ಓದಲು ಕಣ್ಣಿಲ್ಲ. ಅವರು ಕೊರಗುತ್ತ ಕೂರಲಿಲ್ಲ. ನಾಲ್ಕಾರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ವಿಲಿಯಂ ಬರುವ ಮೊದಲಿನ ಆ ಹಳೆಯ ಇಂಗ್ಲಿಷನ್ನು ಅ ಆ ಇ ಈ ಇಂದ ಕಲಿಯತೊಡಗಿದರು!

ಒಂದು ಶನಿವಾರ ಬೆಳಿಗ್ಗೆ ಓದಿನ ನಡುವೆ ಎರಡು ಹೆಸರು ಸಿಕ್ಕವು. ಲಂಡನ್ನಿಗೆ ‘ಲುಂಡನ್‌ಬುರ್ಹ್’, ರೋಮಿಗೆ ‘ರೋಮೆಬುರ್ಹ್’. ಎರಡೇ ಪದ! ಅಮಲೇರಿದವರಂತೆ ಎಲ್ಲರೂ ಪೆರು ಬೀದಿಗಿಳಿದು ಅವನ್ನು ಕೂಗುತ್ತ ನಡೆದರು.

‘ಬುರ್ಹ್’ ಎಂದರೆ ಕೋಟೆ. ಈಗ ಸ್ಪೇನಿನ ಭೂಪಟ ಬಿಡಿಸಿ, ಮ್ಯಾಡ್ರಿಡ್‌ನಿಂದ ಉತ್ತರಕ್ಕೆ ಬೆರಳಾಡಿಸಿ. ಬುರ್ಗೋಸ್ ಎಂಬ ಊರು ಸಿಗುತ್ತದೆ. ಬುರ್ಹ್‌ನ ನೆಂಟ, ಅದೇ ಕೋಟೆ! ಇಂಗ್ಲಿಷಿನ ಅಡುಗೆಮನೆಯ ಹೊಸ್ತಿಲಲ್ಲಿ ಎಡವಿದವರ ಊರಲ್ಲೇ ಆ ಮನೆಯ ಪದವೊಂದರ ನೆಂಟ ಎಂದೋ ಬಂದು ನೆಲೆ ನಿಂತಿದೆ.