ತವರಿನಲ್ಲೇ ಇಲ್ಲವಾದ ಆಕ್ಸೊಲಾಟ್ಲ್

ಸೂರ್ಯ ಚಲಿಸಬೇಕಾದರೆ ದೇವತೆಗಳೆಲ್ಲ ಪ್ರಾಣಾರ್ಪಣೆ ಮಾಡಬೇಕೆಂದು ನಿಶ್ಚಯವಾಯಿತಂತೆ. ಒಬ್ಬ ಮಾತ್ರ ಒಪ್ಪಲಿಲ್ಲ. ಷೋಲೊಟ್ಲ್ ಎಂಬ ಆ ದೇವರು ಅತ್ತು ಕರೆದು ಓಡಿದ. ಮೊದಲು ಮೆಕ್ಕೆಜೋಳದ ಹೊಲದಲ್ಲಿ ಅವಳಿ ದಂಟಾದ, ಬಳಿಕ ಕತ್ತಾಳೆಯಾದ, ಕೊನೆಗೆ ನೀರಿಗಿಳಿದು ಆಕ್ಸೊಲಾಟ್ಲ್ ಆದ. ಅಲ್ಲಿಯೂ ಬಿಡದೆ ಹಿಡಿದು ಕೊಂದರು. ಇದು ಮೆಕ್ಸಿಕೊದ ಅಜ್ಟೆಕ್ ಜನರ ಪುರಾಣ.

ಆಕ್ಸೊಲಾಟ್ಲ್ ಗೇಣುದ್ದದ ಸಾಲಮಾಂಡರ್. ಕಪ್ಪೆಯ ದೂರದ ನೆಂಟ. ಗೊದಮೊಟ್ಟೆ ಕಪ್ಪೆಯಾಗಿ ದಡ ಹತ್ತುತ್ತದಲ್ಲವೆ? ಇದು ಹತ್ತುವುದಿಲ್ಲ. ಗರಿಯಂಥ ಕಿವಿರುಗಳನ್ನು ಉಳಿಸಿಕೊಂಡೇ ಪ್ರಾಯಕ್ಕೆ ಬಂದು ನೀರಿನಲ್ಲೇ ಮೊಟ್ಟೆಯಿಡುತ್ತದೆ. ಕಾಲು ತುಂಡಾದರೆ ಮತ್ತೆ ಬೆಳೆಯುತ್ತದೆ. ವಿಜ್ಞಾನಿಗಳಿಗೆ ಇದರ ಮೇಲೆ ಮೋಹ ಹುಟ್ಟಿದ್ದು ಸಹಜ.

1864ರಲ್ಲಿ 34 ಆಕ್ಸೊಲಾಟ್ಲ್‌ಗಳು ಪ್ಯಾರಿಸ್ ತಲುಪಿದವು. ಅವುಗಳಲ್ಲಿ ಐದು ಗಂಡು, ಒಂದು ಹೆಣ್ಣು ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡುಮೆರಿಲ್ ಅವರ ಕೈ ಸೇರಿದವು. ಆ ಪುಟ್ಟ ಸಂಸಾರವೇ ಬೆಳೆದು ಯುರೋಪಿನ ಪ್ರಯೋಗಶಾಲೆಗಳಿಗೆಲ್ಲ ಹಂಚಿಹೋಯಿತು. ಇಂದು ಲೋಕದ ಗಾಜಿನ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟು ಇವೆ.

ತವರಿನಲ್ಲಿ? ಮೆಕ್ಸಿಕೊ ನಗರದ ದಕ್ಷಿಣದ ಸೊಚಿಮಿಲ್ಕೊ ಕಾಲುವೆಗಳೇ ಅದಕ್ಕೆ ಉಳಿದಿರುವ ಮುಖ್ಯ ಆಸರೆ. 1998ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಗಣತಿಯಲ್ಲಿ 36ಕ್ಕೆ ಇಳಿದಿತ್ತು. ನಗರದ ಕೊಳೆನೀರು ಒಂದು ಕಾರಣ. ಜನರ ಊಟಕ್ಕೆಂದು ತಂದುಬಿಟ್ಟ ಗೆಂಡೆ ಮತ್ತು ತಿಲಾಪಿಯಾ ಮೀನು ಇನ್ನೊಂದು (ತಿಲಾಪಿಯಾ ಎಂದರೆ ನಮ್ಮ ಕೆರೆಗಳ ಜಿಲೇಬಿ ಮೀನೇ). ಮೊಟ್ಟೆ ಮರಿಗಳು ಅವುಗಳ ಹೊಟ್ಟೆ ಸೇರಿದವು.

ತೊಟ್ಟಿಯದನ್ನು ತಂದು ಕಾಲುವೆಗೆ ಸುರಿದರಾಯಿತಲ್ಲ ಎನ್ನಬಹುದು. ಪ್ರಯೋಗಶಾಲೆಯ ತಳಿಗೆ ಹುಲಿ ಸಾಲಮಾಂಡರ್ ಎಂಬ ಬೇರೆ ಜಾತಿಯ ರಕ್ತ ಬೆರೆತಿದೆ. ರೋಗವನ್ನೂ ಹೊತ್ತು ತಂದೀತು. ಅದಿರಲಿ, ಕೊಂದ ನೀರಿಗೇ ಮತ್ತೆ ಬಿಟ್ಟು ಫಲವೇನು?

ಆದ್ದರಿಂದ ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತು ಸಂಗಡಿಗರು ಮೊದಲು ರೈತರ ಬಳಿಗೆ ಹೋದರು. ಕೆಸರು, ಜೊಂಡು ಪೇರಿಸಿ ನೀರಿನ ನಡುವೆ ಕಟ್ಟಿದ ತೋಟದ ದಿಬ್ಬಗಳು ಅಲ್ಲಿವೆ. ಇವಕ್ಕೆ ಚಿನಾಂಪಾ ಎಂದು ಹೆಸರು. ಅಜ್ಟೆಕರ ಕಾಲದ ಬೇಸಾಯ. ದಿಬ್ಬಗಳ ನಡುವಣ ಕಿರುಗಾಲುವೆಗಳ ಬಾಯಿಗೆ, ಮೀನು ನುಗ್ಗದಂತೆ, ನೀರು ತಿಳಿಯಾಗಿ ಬರುವಂತೆ, ಸೋಸುವ ತಡೆ ಕಟ್ಟಿದರು. ಪಕ್ಕದ ತೋಟಕ್ಕೆ ರಾಸಾಯನಿಕ ಕೀಟನಾಶಕ ಹಾಕುವಂತಿಲ್ಲ.

ಅಂಥ ಕಾಲುವೆಗೂ ಒಂದು ಕೃತಕ ಜೌಗಿಗೂ, ಸಾಕಿ ಬೆಳೆಸಿದ 18 ಆಕ್ಸೊಲಾಟ್ಲ್‌ಗಳನ್ನು ರೇಡಿಯೊ ಸಾಧನ ಅಳವಡಿಸಿ ಬಿಟ್ಟರು. ಫಲಿತಾಂಶ ಪ್ರಕಟವಾದದ್ದು 2025ರಲ್ಲಿ. ಗಮನಿಸಿದಷ್ಟು ಕಾಲ ಎಲ್ಲವೂ ಬದುಕಿದ್ದವು. ಮರಳಿ ಹಿಡಿದವುಗಳ ತೂಕ ಹೆಚ್ಚಿತ್ತು. ತೊಟ್ಟಿಯಲ್ಲಿ ಹುಟ್ಟಿದರೂ ಬೇಟೆ ಮರೆತಿರಲಿಲ್ಲ.

2021ರಲ್ಲಿ ಮೆಕ್ಸಿಕೊ ಹೊರತಂದ 50 ಪೆಸೊ ನೋಟಿನ ಮೇಲೆ ಆಕ್ಸೊಲಾಟ್ಲ್ ಇದೆ. ಚೆಂದವೆಂದು ಎಷ್ಟೋ ಜನ ಅದನ್ನು ಖರ್ಚು ಮಾಡದೆ ಎತ್ತಿಡುತ್ತಾರೆ. ಚಿತ್ರದಲ್ಲಿ ಚಿನಾಂಪಾ ತೋಟವೂ ಇದೆ. ನಿಜವಾದ ಚಿನಾಂಪಾಗಳಲ್ಲಿ ಕೆಲವು ಈಗ ಫುಟ್‌ಬಾಲ್ ಮೈದಾನಗಳಾಗಿವೆ.